ಐವತ್ತು ಡಾಲರ್ ನೋಟಿನ ಹಿಂದಿನ ಶಾಲೆ

ನಾಲ್ಕು ವರ್ಷ ನನ್ನ ಜೊತೆ ಒಂದೇ ರೂಮಿನಲ್ಲಿದ್ದ ಗೆಳೆಯನೊಬ್ಬ ಗಲ್ಫ್ ಬಿಟ್ಟು ನ್ಯೂಜಿಲೆಂಡಿಗೆ ಹೋದ. ಮೊದಲ ಸಂಬಳ ಬಂದ ದಿನ ಎಟಿಎಂನಿಂದ ತೆಗೆದ ಒಂದು ನೋಟಿನ ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳಿಸಿದ. ನೇರಳೆ ಬಣ್ಣದ 50 ಡಾಲರ್ ನೋಟು. ನಾವು ಗಲ್ಫ್‌ನವರಲ್ಲವೇ, ಯಾವ ದೇಶದ ನೋಟು ಕಂಡರೂ ಮೊದಲು ರೂಪಾಯಿಗೆ ಎಷ್ಟು ಎಂದು ಲೆಕ್ಕ ಹಾಕುತ್ತೇವೆ. ನಾನೂ ಹಾಕಿದೆ. ಆಮೇಲೆ ನೋಟಿನ ಮೇಲಿದ್ದ ಮುಖ ನೋಡಿದೆ. ಅದು ಬಿಳಿಯರ ರಾಜ ಅಥವಾ ರಾಣಿಯ ಮುಖವಲ್ಲ. ದಪ್ಪ ಮೀಸೆಯ, ಗಂಭೀರ ನೋಟದ ಒಬ್ಬ ಮಾವೊರಿ ಮನುಷ್ಯ.

ಅವರ ಹೆಸರು ಸರ್ ಆಪಿರಾನಾ ಙಾಟಾ. ಈ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಓದುವುದು ಕಷ್ಟ, ಕನ್ನಡದಲ್ಲಿ ಬರೆದರೆ ಸುಲಭ. ಒಂದನೇ ಕ್ಲಾಸಿನಲ್ಲಿ ‘ಕ ಖ ಗ ಘ ಙ’ ಎಂದು ಬಾಯಿಪಾಠ ಮಾಡಿ, ಆಮೇಲೆ ಎಲ್ಲಿಯೂ ಬಳಸದೆ ಬಿಟ್ಟೆವಲ್ಲ, ಆ ‘ಙ’ ಇದು.

ಯಾರಪ್ಪಾ ಈತ ಎಂದು ಹುಡುಕುತ್ತಾ ಹೋದಾಗ ಒಂದು ಶಾಲೆ ಎದುರಾಯಿತು. ಆ ಶಾಲೆಯ ಕಥೆ ನಮ್ಮಂಥ ದುಡಿಯುವವರ ಮನೆಯ ಮಕ್ಕಳ ಕಥೆಯೂ ಹೌದು ಎನ್ನಿಸಿದ್ದರಿಂದ ಈ ವರ್ಷದ ಸಂಚಿಕೆಗೆ ಅದನ್ನೇ ಬರೆಯುತ್ತಿದ್ದೇನೆ.

ಗುಡ್ಡಗಳ ನಡುವಿನ ಶಾಲೆ

ನ್ಯೂಜಿಲೆಂಡಿನ ಉತ್ತರ ದ್ವೀಪದ ಪೂರ್ವ ಕರಾವಳಿಯಲ್ಲಿ ಹಾಕ್ಸ್ ಬೇ ಎಂಬ ಪ್ರಾಂತ್ಯವಿದೆ. ಕುರಿ ಮೇಯುವ ಹಸಿರು ಗುಡ್ಡಗಳ ನಾಡು. ಅಲ್ಲಿ ಹೇಸ್ಟಿಂಗ್ಸ್ ಊರಿನ ದಕ್ಷಿಣಕ್ಕೆ ಟೆ ಔಟೆ ಕಾಲೇಜ್ ಇದೆ. ಹೆಸರು ಕಾಲೇಜ್ ಎಂದಿದ್ದರೂ ಅದು ಹುಡುಗರ ವಸತಿ ಪ್ರೌಢಶಾಲೆ. 1854ರಲ್ಲಿ ಆಂಗ್ಲಿಕನ್ ಪಾದ್ರಿ ಸ್ಯಾಮ್ಯುಯೆಲ್ ವಿಲಿಯಮ್ಸ್ ಇದನ್ನು ಆರಂಭಿಸಿದರು. ತಮ್ಮ ಮಕ್ಕಳು ಓದಲಿ ಎಂದು ಸ್ಥಳೀಯ ಮಾವೊರಿ ಜನರೇ ಜಮೀನು ಕೊಟ್ಟರು. ಗವರ್ನರ್ ಜಾರ್ಜ್ ಗ್ರೇ ಸರ್ಕಾರದ ಜಮೀನನ್ನೂ ಸೇರಿಸಿದರು. 1859ರಲ್ಲಿ ಶಾಲೆ ನಿಂತುಹೋಯಿತು. 1872ರಲ್ಲಿ ಮತ್ತೆ ಬಾಗಿಲು ತೆರೆಯಿತು.

ಆ ಕಾಲ ಮಾವೊರಿಗಳಿಗೆ ಬಹಳ ಕೆಟ್ಟ ಕಾಲ. ಯುದ್ಧಗಳಲ್ಲಿ ಸೋತು ಜಮೀನು ಕಳೆದುಕೊಂಡಿದ್ದರು. ಹೊಸ ರೋಗಗಳಿಂದ ಹಳ್ಳಿಗಳು ಖಾಲಿಯಾಗುತ್ತಿದ್ದವು. 1896ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಉಳಿದಿದ್ದ ಮಾವೊರಿಗಳು ಸುಮಾರು 42,000 ಮಾತ್ರ. ಈ ಜನಾಂಗ ಇನ್ನು ಹೆಚ್ಚು ದಿನ ಇರುವುದಿಲ್ಲ ಎಂದೇ ಅನೇಕ ಬಿಳಿಯರು ನಂಬಿದ್ದರು. ಮುಗಿದುಹೋಗುವ ಜನಕ್ಕೆ ಯಾವ ವಿದ್ಯೆ ಕೊಟ್ಟರೇನು?

1878ರಲ್ಲಿ ಜಾನ್ ಥಾರ್ನ್‌ಟನ್ ಎಂಬವರು ಟೆ ಔಟೆಯ ಮುಖ್ಯೋಪಾಧ್ಯಾಯರಾಗಿ ಬಂದರು. 1912ರವರೆಗೆ, ಅಂದರೆ 34 ವರ್ಷ ಅಲ್ಲೇ ಇದ್ದರು. ಬಿಳಿಯರ ಮಕ್ಕಳು ಒಳ್ಳೆಯ ಶಾಲೆಗಳಲ್ಲಿ ಏನು ಓದುತ್ತಾರೋ ಅದನ್ನೇ ಮಾವೊರಿ ಹುಡುಗರೂ ಓದಬೇಕು ಎಂದು ಅವರು ನಿರ್ಧರಿಸಿದರು. ಲ್ಯಾಟಿನ್ ಭಾಷೆ, ಯೂಕ್ಲಿಡ್‌ನ ರೇಖಾಗಣಿತ, ಬೀಜಗಣಿತ, ಇಂಗ್ಲಿಷ್ ಸಾಹಿತ್ಯ, ಜೊತೆಗೆ ದಿನವೂ ಪ್ರಾರ್ಥನೆ ಮತ್ತು ಬೈಬಲ್. ಕೊನೆಯಲ್ಲಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಶನ್ ಪರೀಕ್ಷೆ.

ಸತ್ತ ಭಾಷೆ ಏಕೆ?

ಇಲ್ಲಿ ಸ್ವಲ್ಪ ನಿಂತು ಆ ಶಿಕ್ಷಣ ಪದ್ಧತಿಯ ಬಗ್ಗೆ ಹೇಳಬೇಕು. ಯುರೋಪಿನ ಕ್ರೈಸ್ತ ಶಾಲೆಗಳು ನೂರಾರು ವರ್ಷ ನಂಬಿಕೊಂಡು ಬಂದ ಕ್ರಮವೊಂದಿದೆ. ಮೊದಲು ವ್ಯಾಕರಣ, ಅಂದರೆ ಭಾಷೆಯ ಕಟ್ಟು ತಿಳಿಯುವುದು. ಆಮೇಲೆ ತರ್ಕ, ಅಂದರೆ ಸರಿ ತಪ್ಪನ್ನು ಬೇರೆ ಮಾಡಿ ನೋಡುವುದು. ಕೊನೆಗೆ ವಾಗ್ಮಿತೆ, ಅಂದರೆ ತಿಳಿದದ್ದನ್ನು ನಾಲ್ಕು ಜನರ ಮುಂದೆ ಒಪ್ಪುವಂತೆ ಹೇಳುವುದು. ಈ ಮೂರು ಸಾಧನ ಕೈಗೆ ಬಂದರೆ ಮುಂದೆ ಯಾವ ವಿದ್ಯೆಯನ್ನಾದರೂ ಮಗು ತಾನೇ ಕಲಿಯಬಲ್ಲದು ಎಂಬುದು ಅದರ ಸಾರ. ನಮ್ಮ ಹಳೆಯ ಪಂಡಿತರೂ ವ್ಯಾಕರಣ, ತರ್ಕ, ಅಲಂಕಾರ ಎಂದೇ ಓದಿಸುತ್ತಿದ್ದರು. ಕೂಲಿಮಠದಲ್ಲಿ ಅಮರಕೋಶ ಬಾಯಿಪಾಠ ಮಾಡಿದ ನಮ್ಮ ಅಜ್ಜಂದಿರಿಗೆ ಇದು ಹೊಸದಲ್ಲ.

ಇದರ ಹಿಂದೆ ಒಂದು ಧಾರ್ಮಿಕ ನಂಬಿಕೆಯೂ ಇದೆ. ಸತ್ಯ ಒಂದೇ, ಅದು ದೇವರಿಂದ ಬಂದದ್ದು. ಆದ್ದರಿಂದ ಗಣಿತ, ಭಾಷೆ, ಇತಿಹಾಸ ಎಲ್ಲವೂ ಒಂದೇ ಮನೆಯ ಬೇರೆ ಬೇರೆ ಕೋಣೆಗಳು. ಶಿಕ್ಷಣದ ಗುರಿ ನೌಕರಿಯಲ್ಲ, ಒಳ್ಳೆಯ ಮನುಷ್ಯನನ್ನು ರೂಪಿಸುವುದು. 1947ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಲೇಖಕಿ ಡೊರೊಥಿ ಸೇಯರ್ಸ್ ಮಾಡಿದ ಒಂದು ಭಾಷಣ ಈ ಮರೆತ ಪದ್ಧತಿಯನ್ನು ಮತ್ತೆ ನೆನಪಿಸಿತು. ಇವತ್ತು ಹಲವು ದೇಶಗಳಲ್ಲಿ ಖಾಸಗಿ ಕ್ರೈಸ್ತ ಶಾಲೆಗಳು ಮತ್ತೆ ಇದೇ ದಾರಿ ಹಿಡಿದಿವೆ.

ಆದರೆ ಟೆ ಔಟೆಯ ಹುಡುಗರಿಗೆ ಲ್ಯಾಟಿನ್ ಬರೀ ಮನಸ್ಸಿನ ಅಲಂಕಾರವಾಗಿರಲಿಲ್ಲ. ಆಗಿನ ಕಾಲದಲ್ಲಿ ವಕೀಲನಾಗಲು, ಡಾಕ್ಟರ್ ಆಗಲು ಲ್ಯಾಟಿನ್ ಬೇಕೇ ಬೇಕಿತ್ತು. ಲ್ಯಾಟಿನ್ ಇಲ್ಲದವನಿಗೆ ಆ ಬಾಗಿಲು ಮುಚ್ಚಿದಂತೆಯೇ.

ಮೂವರು ಹುಡುಗರು

ಬಾಗಿಲು ತೆರೆದಾಗ ಒಳಗೆ ಹೋದವರು ಯಾರು ನೋಡಿ.

ಆಪಿರಾನಾ ಙಾಟಾ ಹತ್ತು ವರ್ಷದ ಆಸುಪಾಸಿನಲ್ಲಿ ಟೆ ಔಟೆಗೆ ಬಂದರು. 1893ರಲ್ಲಿ ಬಿ.ಎ. ಮುಗಿಸಿ, ನ್ಯೂಜಿಲೆಂಡಿನಲ್ಲಿ ಪದವಿ ಪಡೆದ ಮೊದಲ ಮಾವೊರಿ ಎನ್ನಿಸಿಕೊಂಡರು. ಆಮೇಲೆ ಕಾನೂನು ಪದವಿಯನ್ನೂ ಪಡೆದರು. 1905ರಿಂದ 1943ರವರೆಗೆ, 38 ವರ್ಷ ಪಾರ್ಲಿಮೆಂಟ್ ಸದಸ್ಯರಾಗಿದ್ದರು, ಮಂತ್ರಿಯೂ ಆದರು.

ಮಾವುಯಿ ಪೋಮಾರೆ ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಿ 1899ರಲ್ಲಿ ಮೊದಲ ಮಾವೊರಿ ಡಾಕ್ಟರ್ ಆದರು. ಊರಿಗೆ ಮರಳಿ, ಆರೋಗ್ಯ ಅಧಿಕಾರಿಯಾಗಿ ಹಳ್ಳಿ ಹಳ್ಳಿ ತಿರುಗಿ ಶುದ್ಧ ನೀರು, ಶೌಚ, ಗಾಳಿ ಬೆಳಕಿನ ಮನೆಯ ಬಗ್ಗೆ ಹೇಳಿದರು. ಮುಂದೆ ದೇಶದ ಆರೋಗ್ಯ ಮಂತ್ರಿಯೇ ಆದರು.

ಟೆ ರಂಗಿ ಹೀರೋಅ, ಇಂಗ್ಲಿಷ್ ಹೆಸರು ಪೀಟರ್ ಬಕ್, ಒಟಾಗೊದಲ್ಲಿ 1904ರಲ್ಲಿ ವೈದ್ಯಕೀಯ ಮುಗಿಸಿದರು. ನಂತರ ಮಾನವಶಾಸ್ತ್ರಕ್ಕೆ ತಿರುಗಿ, ಹವಾಯಿಯ ಹೊನೊಲುಲುವಿನಲ್ಲಿರುವ ಬಿಷಪ್ ಮ್ಯೂಸಿಯಂನ ನಿರ್ದೇಶಕರಾಗಿ 1936ರಿಂದ ಸಾಯುವವರೆಗೆ ಕೆಲಸ ಮಾಡಿದರು.

1897ರಲ್ಲಿ ಈ ಶಾಲೆಯ ಹಳೆ ವಿದ್ಯಾರ್ಥಿಗಳು ಒಂದು ಸಂಘ ಕಟ್ಟಿದರು. ತಮ್ಮ ಜನರ ಆರೋಗ್ಯ, ಜಮೀನು, ಶಿಕ್ಷಣದ ಬಗ್ಗೆ ಕೆಲಸ ಮಾಡಿದ ಆ ಗುಂಪಿನಿಂದಲೇ ಮುಂದೆ ‘ಯಂಗ್ ಮಾವೊರಿ ಪಾರ್ಟಿ’ ಎಂಬ ಹೆಸರು ಹುಟ್ಟಿತು. ಮುಗಿದುಹೋಗುತ್ತದೆ ಎಂದಿದ್ದ ಜನಾಂಗ ಮುಗಿಯಲಿಲ್ಲ. ಅದಕ್ಕೆ ಕಾರಣ ಒಂದೇ ಶಾಲೆ ಎಂದರೆ ತಪ್ಪಾದೀತು. ಆದರೆ ಆ ಶಾಲೆಯ ಪಾಲು ದೊಡ್ಡದು.

‘ಇವರಿಗೆ ಇಷ್ಟು ಸಾಕು’

ಇಷ್ಟು ಫಲ ಕಂಡ ಮೇಲೆ ಸರ್ಕಾರ ಶಾಲೆಯ ಬೆನ್ನು ತಟ್ಟಬೇಕಿತ್ತಲ್ಲವೇ? ಆದದ್ದು ಬೇರೆ. ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಜಾರ್ಜ್ ಹಾಗ್‌ಬೆನ್ ಅವರಿಗೆ ಮಾವೊರಿ ಹುಡುಗರು ಲ್ಯಾಟಿನ್ ಓದುವುದು ಸರಿ ಕಾಣಲಿಲ್ಲ. ಹಳ್ಳಿಯಲ್ಲಿ ಬಾಳಬೇಕಾದವರಿಗೆ ವ್ಯವಸಾಯ, ಬಡಗಿ ಕೆಲಸ ಕಲಿಸಿ ಎಂಬುದು ಇಲಾಖೆಯ ವಾದ. 1906ರಲ್ಲಿ ಟೆ ಔಟೆಯ ಟ್ರಸ್ಟ್ ಬಗ್ಗೆ ಸರ್ಕಾರದ ಆಯೋಗ ವಿಚಾರಣೆ ನಡೆಸಿತು. ತಮ್ಮ ವಿದ್ಯಾರ್ಥಿಗಳಿಗೆ ಬಿಳಿಯರ ಮಕ್ಕಳ ಸಮಕ್ಕೆ ಪೈಪೋಟಿ ಮಾಡುವ ಅವಕಾಶ ಇರಲೇಬೇಕು ಎಂದು ಥಾರ್ನ್‌ಟನ್ ವಾದಿಸಿದರು. ಆಯೋಗ ಮಾತ್ರ ವ್ಯವಸಾಯ ಮತ್ತು ಕೈಕಸುಬಿಗೆ ಒತ್ತು ಕೊಡಬೇಕೆಂದು ಶಿಫಾರಸು ಮಾಡಿತು. ವಿದ್ಯಾರ್ಥಿವೇತನದ ಹಣ ಇಲಾಖೆಯ ಕೈಯಲ್ಲಿತ್ತು, ಒತ್ತಡ ಹೆಚ್ಚಿತು. ಥಾರ್ನ್‌ಟನ್ 1912ರಲ್ಲಿ ನಿವೃತ್ತರಾದರು, ಮರುವರ್ಷ ತೀರಿಕೊಂಡರು. ಶಾಲೆ ನಿಧಾನವಾಗಿ ಹೊಲದ ಕಡೆಗೆ ತಿರುಗಿತು.

ಇಲಾಖೆಯವರ ಮಾತಿನಲ್ಲಿ ಅರ್ಥವೇ ಇಲ್ಲವೆಂದು ನಾನು ಹೇಳುವುದಿಲ್ಲ. ಜಮೀನಿರುವ ಜನ ಬೇಸಾಯ ಕಲಿಯುವುದು ಒಳ್ಳೆಯದೇ. ಕೈಕೆಲಸ ಕೀಳಲ್ಲ. ಅದರಿಂದಲೇ ಅನ್ನ ತಿನ್ನುತ್ತಿರುವ ನಾವು ಅದನ್ನು ಕೀಳೆಂದರೆ ಹೇಗೆ? ತಪ್ಪಿರುವುದು ‘ಇವರಿಗೆ ಇಷ್ಟು ಸಾಕು’ ಎಂಬ ಮಾತಿನಲ್ಲಿ. ಮಗು ಯಾರ ಮನೆಯದೆಂದು ನೋಡಿ, ಅದು ಎಷ್ಟು ಕಲಿಯಬೇಕೆಂದು ಬೇರೆಯವರು ಮೊದಲೇ ಗೆರೆ ಎಳೆಯುವುದರಲ್ಲಿ. ತಮಾಷೆ ನೋಡಿ, 1929ರಿಂದ ಮಾವೊರಿ ಜಮೀನುಗಳಲ್ಲಿ ದೊಡ್ಡ ಪ್ರಮಾಣದ ಕೃಷಿ ಯೋಜನೆ ತಂದವರು ಯಾರು? ಲ್ಯಾಟಿನ್ ಓದಿದ ಅದೇ ಙಾಟಾ. ಕಾನೂನು ತಿಳಿದಿದ್ದರಿಂದಲೇ ಅವರಿಗೆ ಜಮೀನಿನ ತೊಡಕು ಬಿಡಿಸುವ ದಾರಿ ಕಂಡಿತು.

ನಮ್ಮೂರಿನಲ್ಲಿ

ಇದನ್ನೆಲ್ಲಾ ಓದುವಾಗ ನನಗೆ ಮಂಗಳೂರು ಕಣ್ಣ ಮುಂದೆ ಬಂತು. ಅಲ್ಲಿ ಈ ಎರಡೂ ದಾರಿಗಳು ಒಂದೇ ಊರಲ್ಲಿವೆ. 1834ರಲ್ಲಿ ಬಂದ ಬಾಸೆಲ್ ಮಿಷನ್‌ನವರು ಶಾಲೆಗಳ ಜೊತೆಗೆ ನೇಯ್ಗೆ, ಅಚ್ಚುಕೂಟ, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದು ಸಾವಿರಾರು ಮನೆಗಳಿಗೆ ಕಸುಬು ಕೊಟ್ಟರು. 1880ರಲ್ಲಿ ಇಟಲಿಯ ಜೆಸ್ಯುಯಿಟ್ ಪಾದ್ರಿಗಳು ಸೇಂಟ್ ಅಲೋಶಿಯಸ್ ಆರಂಭಿಸಿದರು. 1599ರಲ್ಲಿ ರೂಪುಗೊಂಡ ಜೆಸ್ಯುಯಿಟ್ ಪಾಠಕ್ರಮದ ಪರಂಪರೆ ಅವರದು. ವ್ಯಾಕರಣ, ಸಾಹಿತ್ಯ, ತತ್ವಶಾಸ್ತ್ರ ಅದರ ಬೆನ್ನೆಲುಬು. ಬಾಸೆಲ್ ಮಿಷನ್‌ನ ಕಿಟ್ಟೆಲ್ ಅವರೂ ಗ್ರೀಕ್, ಲ್ಯಾಟಿನ್ ಓದಿ ಬಂದವರೇ. 1894ರ ಕನ್ನಡ ನಿಘಂಟಿನ ಹಿಂದೆ ಆ ಹಳೆಯ ಭಾಷೆಗಳ ಶಿಸ್ತು ಇದೆ.

ನನ್ನ ಅಪ್ಪ ಹಂಚಿನ ಕಾರ್ಖಾನೆಯ ಕೂಲಿ. ನಾನು ಎಂಟನೇ ತರಗತಿಯಲ್ಲಿ ಸಂಸ್ಕೃತ ತೆಗೆದುಕೊಳ್ಳುತ್ತೇನೆ ಎಂದಾಗ ನಮ್ಮ ಶಾಲೆಯ ಮೇಷ್ಟ್ರೊಬ್ಬರು ಅಪ್ಪನನ್ನು ಕರೆಸಿ, ‘ಇವನಿಗೆ ಅದೆಲ್ಲ ಯಾಕೆ, ಹತ್ತು ಮುಗಿಸಿ ಐಟಿಐಗೆ ಸೇರಿಸಿ, ಬೇಗ ಗಲ್ಫಿಗೆ ಹೋಗಬಹುದು’ ಎಂದರು. ಅವರು ಕೆಟ್ಟವರಲ್ಲ, ನಮ್ಮ ಒಳ್ಳೆಯದಕ್ಕೇ ಹೇಳಿದ್ದು. ಅಪ್ಪ ತಲೆಯಾಡಿಸಿ ಬಂದ. ಮೇಷ್ಟ್ರು ಹೇಳಿದಂತೆಯೇ ಆಯಿತು. ಐಟಿಐ ನನಗೆ ಅನ್ನ ಕೊಟ್ಟಿದೆ, ತಂಗಿಯರ ಮದುವೆ ಮಾಡಿಸಿದೆ, ಮನೆ ಕಟ್ಟಿಸಿದೆ. ದೂರಿಲ್ಲ. ಆದರೂ ಥಾರ್ನ್‌ಟನ್ ಬಗ್ಗೆ ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಕಳೆದದ್ದೂ ಇದೆ

ಈ ಕಥೆಯಲ್ಲಿ ನಷ್ಟವೂ ಇದೆ, ಅದನ್ನು ಮುಚ್ಚಿಡಬಾರದು. 1867ರ ಕಾನೂನಿನಿಂದ ಬಂದ ಮಾವೊರಿ ಹಳ್ಳಿ ಶಾಲೆಗಳಲ್ಲಿ ಪಾಠ ಇಂಗ್ಲಿಷಿನಲ್ಲಿ. ಟೆ ಔಟೆಯಲ್ಲೂ ಇಂಗ್ಲಿಷಿನದೇ ರಾಜ್ಯ. ರೋಮ್‌ನ ಭಾಷೆಗೆ ತರಗತಿಯಲ್ಲಿ ಜಾಗವಿತ್ತು, ಅಮ್ಮನ ಭಾಷೆಗೆ ಅಂಥ ಜಾಗವಿರಲಿಲ್ಲ. ದೊಡ್ಡವರಾದ ಮೇಲೆ ಙಾಟಾ ಊರೂರಿಂದ ತಮ್ಮ ಜನರ ಹಾಡುಗಳನ್ನು ಸಂಗ್ರಹಿಸತೊಡಗಿದರು. ಆ ಸಂಗ್ರಹದ ಮೊದಲ ಭಾಗ 1928ರಲ್ಲಿ ಬಂತು. ಮಾವೊರಿಗಳಿಗೂ ತಮ್ಮದೇ ಶ್ರೇಷ್ಠ ಸಾಹಿತ್ಯವಿದೆ ಎಂದು ಅದು ತೋರಿಸಿತು. 1982ರಲ್ಲಿ ಅಜ್ಜಿಯರು ಪುಟ್ಟ ಮಕ್ಕಳಿಗೆ ಮಾವೊರಿಯಲ್ಲೇ ಮಾತಾಡಿ ಕಲಿಸುವ ‘ಕೋಹಾಂಗಾ ರೇಓ’ ಎಂಬ ಭಾಷಾ ಗೂಡುಗಳು ಆರಂಭವಾದವು. 1987ರಲ್ಲಿ ಮಾವೊರಿ ಅಧಿಕೃತ ಭಾಷೆಯಾಯಿತು. ಇಂದು ಟೆ ಔಟೆಯಲ್ಲಿ ಕ್ರೈಸ್ತ ಪ್ರಾರ್ಥನೆಯೂ ಇದೆ, ಮಾವೊರಿ ಭಾಷೆ ಮತ್ತು ಸಂಪ್ರದಾಯವೂ ಇದೆ.

ನ್ಯೂಜಿಲೆಂಡಿಗೆ ಹೋಗುವ ಯೋಚನೆಯಲ್ಲಿರುವ ನಮ್ಮವರಿಗೆ ಒಂದು ಮಾಹಿತಿ. 1877ರ ಕಾನೂನಿನಂತೆ ಅಲ್ಲಿನ ಸರ್ಕಾರಿ ಪ್ರಾಥಮಿಕ ಶಿಕ್ಷಣ ಉಚಿತ, ಕಡ್ಡಾಯ ಮತ್ತು ಧರ್ಮನಿರಪೇಕ್ಷವಾಯಿತು. ಹಾಗಾಗಿ ಚರ್ಚ್ ಶಾಲೆಗಳು ಖಾಸಗಿಯಾಗಿಯೇ ಉಳಿದು ಹಣಕ್ಕೆ ಪರದಾಡಿದವು. 1975ರ ಕಾನೂನು ಅವು ಸರ್ಕಾರಿ ವ್ಯವಸ್ಥೆಯೊಳಗೆ ಬರಲು ದಾರಿ ಮಾಡಿತು. ಜಮೀನು, ಕಟ್ಟಡ ಸಂಸ್ಥೆಯದು. ಶಿಕ್ಷಕರ ಸಂಬಳ ಸರ್ಕಾರದ್ದು. ಶಾಲೆಯ ಧಾರ್ಮಿಕ ‘ವಿಶೇಷ ಸ್ವರೂಪ’ಕ್ಕೆ ಕಾನೂನಿನ ರಕ್ಷಣೆ ಇದೆ. ಟೆ ಔಟೆ ಈಗ ಅಂಥ ಶಾಲೆ. ಪೂರ್ತಿ ಖಾಸಗಿ ಶಾಲೆಗಳೂ ಇವೆ, ಅವುಗಳ ಶುಲ್ಕ ಹೆಚ್ಚು. ಮಕ್ಕಳನ್ನು ಸೇರಿಸುವ ಮುನ್ನ ಶಾಲೆ ಈ ಮೂರರಲ್ಲಿ ಯಾವ ಬಗೆಯದು ಎಂದು ಕೇಳಿಕೊಳ್ಳಿ.

ಫೋನಿನಲ್ಲಿ ಬಂದ ಪ್ರಶ್ನೆ

ಕಳೆದ ತಿಂಗಳು ಊರಿನಿಂದ ಮಗಳು ಫೋನ್ ಮಾಡಿದ್ದಳು. ಹತ್ತನೇ ತರಗತಿ ಮುಗಿಯುತ್ತಿದೆ. ‘ಅಪ್ಪಾ, ನನಗೆ ಇತಿಹಾಸ, ಕನ್ನಡ ಸಾಹಿತ್ಯ ಓದಬೇಕು ಅನ್ನಿಸುತ್ತದೆ. ಅದರಿಂದ ಏನು ಉಪಯೋಗ ಎಂದು ಎಲ್ಲರೂ ಕೇಳುತ್ತಾರೆ’ ಎಂದಳು. ಇಲ್ಲಿ ಕೂತು ನಾವು ಸಾಮಾನ್ಯವಾಗಿ ಕೊಡುವ ಉತ್ತರ ನಿಮಗೆ ಗೊತ್ತು. ನರ್ಸಿಂಗ್ ಮಾಡು, ಅಕೌಂಟ್ಸ್ ಮಾಡು, ವೀಸಾ ಸಿಗುವುದನ್ನು ಮಾಡು. ನನ್ನ ಬಾಯಿಗೂ ಅದೇ ಬಂದಿತ್ತು.

ಹೇಳಲಿಲ್ಲ. ಅವಳು ಕೊನೆಗೆ ಏನು ಆರಿಸುತ್ತಾಳೋ ಗೊತ್ತಿಲ್ಲ. ನರ್ಸಿಂಗ್ ಆದರೂ ಸಂತೋಷವೇ. ಆದರೆ ಇಷ್ಟು ಸಾಕು ಎಂಬ ಗೆರೆಯನ್ನು ನಾನು ಎಳೆಯುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಅಪ್ಪ ಅಂದು ತಲೆಯಾಡಿಸಿದ್ದು ಬೇರೆ ದಾರಿ ಕಾಣದೆ. ನನಗೆ ಆ ನೆಪ ಇಲ್ಲ.

ಅವಳಿಗೂ ಆ ನೋಟಿನ ಫೋಟೋ ಕಳಿಸಿದೆ. ಹೆಸರನ್ನು ಕನ್ನಡದಲ್ಲೇ ಬರೆದಿದ್ದೆ. ‘ಅಪ್ಪಾ, ಙ ಅಕ್ಷರಕ್ಕೆ ಉಪಯೋಗವೇ ಇಲ್ಲ ಅಂದುಕೊಂಡಿದ್ದೆ’ ಎಂದು ಉತ್ತರ ಬಂತು.