ವರ್ಷಕ್ಕೊಬ್ಬ ಗಿರಾಕಿಯಿದ್ದರೂ ಲಾಭ: ಆನ್‌ಲೈನ್ ವ್ಯಾಪಾರದ ಒಳಲೆಕ್ಕ

ಹೊಸಕೋಟೆ ತಾಲೂಕಿನ ಸಮೇತನಹಳ್ಳಿಯಲ್ಲಿರುವ ಓದುಗರೊಬ್ಬರಿಗೆ ತಾಳಮದ್ದಳೆಯ ಅರ್ಥಗಾರಿಕೆ ಕುರಿತ ಪುಸ್ತಕ ಬೇಕಾಗಿದೆ ಎಂದಿಟ್ಟುಕೊಳ್ಳೋಣ. ಸಮೀಪದ ಪೇಟೆಯ ಅಂಗಡಿಗಳಲ್ಲಿ ಅದು ದೊರೆಯುವ ಸಂಭವ ಕಡಿಮೆ. ಇದು ಅಂಗಡಿಯವರ ತಪ್ಪಲ್ಲ. ಕಪಾಟಿನ ಪ್ರತಿ ಅಡಿಗೂ ಬಾಡಿಗೆ ತೆರುವವರು ವರ್ಷಕ್ಕೊಂದು ಪ್ರತಿ ಮಾರಾಟವಾಗುವ ಪುಸ್ತಕಕ್ಕೆ ಜಾಗ ಕೊಡಲಾರರು.

ಅಂತರಜಾಲ ಮಳಿಗೆಯ ಲೆಕ್ಕವೇ ಬೇರೆ. ರಾಜ್ಯದ 31 ಜಿಲ್ಲೆಗಳಲ್ಲಿ ತಲಾ ಒಬ್ಬರು ಆ ಪುಸ್ತಕ ಕೊಂಡರೆ ವರ್ಷಕ್ಕೆ 31 ಪ್ರತಿ ಖರ್ಚಾಗುತ್ತವೆ. ಮುಂಬಯಿ, ಕಾಸರಗೋಡು, ಅಮೆರಿಕದ ಕನ್ನಡಿಗರೂ ಸೇರಿದರೆ ಸಂಖ್ಯೆ ಇನ್ನೂ ಹೆಚ್ಚು. ಚದುರಿದ ಗಿರಾಕಿಗಳನ್ನು ಒಂದೇ ಕಡೆ ಕೂಡಿಸುವುದೇ ಇದರ ಗುಟ್ಟು. ದಾಸ್ತಾನಿಗೆ ಪೇಟೆಬೀದಿಯ ದುಬಾರಿ ಮಳಿಗೆಯೂ ಬೇಕಿಲ್ಲ, ಊರಾಚೆಯ ಗೋದಾಮು ಸಾಕು.

ಉದ್ದ ಬಾಲದ ಸಿದ್ಧಾಂತ

ಅಮೆರಿಕದ ಪತ್ರಕರ್ತ ಕ್ರಿಸ್ ಆಂಡರ್ಸನ್ 2004ರಲ್ಲಿ 'ವೈರ್ಡ್' ಪತ್ರಿಕೆಯಲ್ಲಿ ಇದನ್ನು 'ಲಾಂಗ್ ಟೇಲ್', ಅಂದರೆ ಉದ್ದ ಬಾಲ ಎಂದು ಕರೆದರು. ಬಿಸಿ ದೋಸೆಯಂತೆ ಖರ್ಚಾಗುವ ಕೆಲವೇ ಸರಕುಗಳು ತಲೆಯಾದರೆ, ಅಪರೂಪಕ್ಕೆ ಮಾರಾಟವಾಗುವ ಲಕ್ಷಾಂತರ ಸರಕುಗಳು ಬಾಲ. ಬಾಲದ ಒಟ್ಟು ವಹಿವಾಟು ತಲೆಗೆ ಸರಿಸಾಟಿಯಾಗಬಲ್ಲದು ಎಂಬುದು ಅವರ ವಾದ. 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್ ಮೊದಲು ಮಾರಿದ್ದೂ ಪುಸ್ತಕಗಳನ್ನೇ.

ಲಾಭ ಯಾರಿಗೆ?

ಆದರೆ ಈ ಲಾಭ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಹತ್ತು ಲಕ್ಷ ಸರಕುಗಳಿಂದ ತಲಾ ಹತ್ತು ರೂಪಾಯಿ ಉಳಿದರೂ ಜಾಲತಾಣಕ್ಕೆ ಒಂದು ಕೋಟಿ. ಹತ್ತೇ ಪುಸ್ತಕಗಳಿರುವ ಪ್ರಕಾಶಕರಿಗೆ ನೂರು ರೂಪಾಯಿ ಮಾತ್ರ. 150 ರೂಪಾಯಿಯ ಪುಸ್ತಕದಲ್ಲಿ ಕಮಿಷನ್, ಪ್ಯಾಕಿಂಗ್, ಕೊರಿಯರ್ ವೆಚ್ಚ ಕಳೆದರೆ ಕೈಗೆ ಉಳಿಯುವುದು ಅಷ್ಟಕ್ಕಷ್ಟೇ.

ಆದ್ದರಿಂದ ಸಣ್ಣ ಮಾರಾಟಗಾರರ ಅಳಿವು ಉಳಿವು ಸಾಗಣೆ ದರವನ್ನು ಅವಲಂಬಿಸಿದೆ. ಅಂಚೆ ಇಲಾಖೆ 2025ರ ಮೇ 1ರಂದು ಪುಸ್ತಕಗಳಿಗಾಗಿ ಆರಂಭಿಸಿದ 'ಜ್ಞಾನ ಪೋಸ್ಟ್' ಸೇವೆ ಇಲ್ಲಿ ಗಮನಾರ್ಹ. ಆರಂಭದಲ್ಲಿ ಅದರ ದರ, ತೆರಿಗೆ ಬಿಟ್ಟು, 300 ಗ್ರಾಂವರೆಗೆ 20 ರೂಪಾಯಿ, ಐದು ಕೆ.ಜಿ.ಗೆ 100 ರೂಪಾಯಿ ಇತ್ತು. ಬೇಡಿಕೆ ಬಂದಷ್ಟೇ ಪ್ರತಿ ಮುದ್ರಿಸುವ ತಂತ್ರಜ್ಞಾನವೂ ನೆರವಿಗಿದೆ. ಸಾವಿರ ಪ್ರತಿ ಅಚ್ಚು ಹಾಕಿಸಿ ಗೆದ್ದಲಿಗೆ ಒಪ್ಪಿಸುವ ಭಯ ಇದರಿಂದ ತಪ್ಪುತ್ತದೆ.

ಅಪರೂಪದ ಸರಕಿಗೆ ಗಿರಾಕಿಯನ್ನು ಹುಡುಕಿಕೊಡುವ ಕೆಲಸವನ್ನು ಅಂತರಜಾಲ ಮಾಡಿದೆ. ಆ ಗಿರಾಕಿಯ ಮನೆಬಾಗಿಲಿಗೆ ಕಡಿಮೆ ಖರ್ಚಿನಲ್ಲಿ ತಲುಪುವ ದಾರಿಯಿದ್ದರೆ ಮಾತ್ರ ಬಾಲದ ಲಾಭ ಅದನ್ನು ತಯಾರಿಸಿದವರಿಗೂ ದಕ್ಕೀತು.