ಬಣ್ಣಬಣ್ಣದ ಒಂದು ಲಡಿ, 402 ಮೀಟರ್: ಏನು ಹೆಣೆಯೋಣ?

ಉರುಗ್ವೆ ದೇಶದ ಮಲಾಬ್ರಿಗೊ ಕಂಪನಿಯ ‘ಸಾಕ್’ ನೂಲು ಕೈಯಿಂದ ಬಣ್ಣ ಹಾಕಿದ ಮೆರಿನೊ ಉಣ್ಣೆ. ಒಂದು ಲಡಿ 100 ಗ್ರಾಂ ತೂಗುತ್ತದೆ, ಉದ್ದ 402 ಮೀಟರ್. ತರಿಸುವ ಖರ್ಚೂ ಸೇರಿ ಲಡಿಗೆ 2,000 ರೂಪಾಯಿ ಎಂದು ಹಿಡಿದರೆ ಮೀಟರಿಗೆ ಹೆಚ್ಚುಕಡಿಮೆ 5 ರೂಪಾಯಿ. ಇಷ್ಟು ಕೊಟ್ಟು ತಂದದ್ದು ಲಡಿಯಲ್ಲಿ ಚೆಂದ ಕಂಡು, ಹೆಣೆದ ಮೇಲೆ ಕಲೆ ಬಿದ್ದಂತೆ ಕಾಣುವುದುಂಟು.

ತುಂಡುತುಂಡಾಗಿ ಬಣ್ಣ ಹಾಕಿದ ಲಡಿಯಲ್ಲಿ ಅದೇ ಬಣ್ಣ ಸುತ್ತಿಗೊಮ್ಮೆ ಮರಳುತ್ತದೆ. ಸುತ್ತಳತೆ 150 ಸೆಂ.ಮೀ. ಎಂದುಕೊಳ್ಳಿ. ಇನ್ನು ನಿಮ್ಮ ಕೈಯ ಲೆಕ್ಕ: 20 ಕುಣಿಕೆ ಹೆಣೆದು, ಎರಡೂ ತುದಿಗೆ ಗುರುತು ಹಾಕಿ, ಬಿಚ್ಚಿ ಅಳೆಯಿರಿ. 22 ಸೆಂ.ಮೀ. ಬಂದರೆ ಕುಣಿಕೆಗೆ 1.1 ಸೆಂ.ಮೀ. ನೂಲು. ಕಾಲುಚೀಲಕ್ಕೆ ಸುತ್ತಿಗೆ 68 ಕುಣಿಕೆ ಹಾಕಿದರೆ 74.8 ಸೆಂ.ಮೀ.; ಎರಡು ಸುತ್ತಿಗೆ ಸರಿಯಾಗಿ ಒಂದು ಲಡಿಸುತ್ತು. ಕೆಂಪಿನ ಮೇಲೆ ಕೆಂಪೇ ಕೂತು ಒಂದು ಪಕ್ಕ ಮೆತ್ತಿಕೊಳ್ಳುತ್ತದೆ. 64 ಹಾಕಿ ನೋಡಿ: ಎರಡು ಸುತ್ತಿಗೆ 140.8 ಸೆಂ.ಮೀ., ಅಂದರೆ ಬಣ್ಣ ಪ್ರತಿ ಸಲ ಎಂಟು ಕುಣಿಕೆಯಷ್ಟು ಸರಿದು ಓರೆ ಪಟ್ಟೆ ಮೂಡುತ್ತದೆ. ನಾಲ್ಕೇ ಕುಣಿಕೆಯ ವ್ಯತ್ಯಾಸ!

ಆದರೂ ಕಾಲುಚೀಲಕ್ಕೆ ನನ್ನ ಮತವಿಲ್ಲ. ದೊಡ್ಡವರ ಒಂದು ಜೊತೆಗೆ ಸುಮಾರು 300 ಮೀಟರ್ ಸಾಕು. 500 ರೂಪಾಯಿಯ ನೂಲು ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಮೇಲಾಗಿ ನೈಲಾನ್ ಬೆರೆಯದ ಮೆರಿನೊ ಹಿಮ್ಮಡಿಯಲ್ಲಿ ಬೇಗ ಸವೆಯುತ್ತದೆ.

ಸ್ವೆಟರ್ ಮಾತು ಇನ್ನೂ ದುಬಾರಿ. 1,200ರಿಂದ 1,400 ಮೀಟರ್ ಬೇಕು, ಎಂದರೆ ನಾಲ್ಕು ಲಡಿ, 8,000 ರೂಪಾಯಿ. ಕೈಬಣ್ಣದಲ್ಲಿ ಒಂದು ಲಡಿಯಂತೆ ಇನ್ನೊಂದಿರುವುದಿಲ್ಲ, ಹಾಗಾಗಿ ಎರಡು ಸಾಲಿಗೊಮ್ಮೆ ಲಡಿ ಬದಲಿಸುತ್ತಿರಬೇಕು. ಜಡೆ ವಿನ್ಯಾಸ, ಜಾಲರಿ ವಿನ್ಯಾಸ ಏನೇ ಹಾಕಿದರೂ ಈ ಬಣ್ಣಗಳ ಗದ್ದಲದಲ್ಲಿ ಕಾಣುವುದೇ ಇಲ್ಲ.

ಒಂದೇ ಲಡಿಗೆ ಒಪ್ಪುವುದು ಕತ್ತಿನಿಂದ ಶುರುವಾಗಿ ಅಗಲವಾಗುತ್ತ ಹೋಗುವ ತ್ರಿಕೋನ ಶಾಲು. ಸಾಲು ಬೆಳೆಯುತ್ತಲೇ ಇರುವುದರಿಂದ ಬಣ್ಣ ಒಂದೇ ಕಡೆ ಬೀಡುಬಿಡಲಾರದು. ಎಲ್ಲೋ ನಾಲ್ಕು ಸಾಲು ಗುಂಪುಗೂಡಿದರೂ ಮುಂದೆ ಚದುರುತ್ತದೆ. ಎಷ್ಟು ನೂಲಿದೆಯೋ ಅಷ್ಟೇ ಶಾಲು. ಅಡುಗೆಮನೆಯ ತಕ್ಕಡಿಯಲ್ಲಿ ಉಂಡೆ ತೂಗುತ್ತ ಹೋಗಿ. ಅಂಚು 150 ಸೆಂ.ಮೀ. ಇದ್ದರೆ ಮುಚ್ಚಲು ಅದರ ನಾಲ್ಕು ಪಟ್ಟು, 6 ಮೀಟರ್ ಇಟ್ಟುಕೊಳ್ಳಿ. ಅದು ಒಂದೂವರೆ ಗ್ರಾಂ. ತಕ್ಕಡಿಯನ್ನು ಅಷ್ಟೊಂದು ನಂಬದೆ 3 ಗ್ರಾಂ ಉಳಿದಾಗಲೇ ಮುಚ್ಚಲು ಶುರುಮಾಡಿ.