ಮಲಗುವವರ ಲೆಕ್ಕ, ದುಡಿಯುವವರ ಲೆಕ್ಕ

ಬೆಂಗಳೂರಿನ ನಗರ್ತಪೇಟೆಯಲ್ಲಿ ಬೆಳಗಿನ ಜಾವ ಚಿನ್ನದ ಅಂಗಡಿಗಳ ಮುಂದಿನ ದೂಳನ್ನು ಗುಡಿಸಿ ಬುಟ್ಟಿಗೆ ತುಂಬಿಕೊಳ್ಳುವವರು ಬರುತ್ತಾರೆ. ಆ ದೂಳನ್ನು ತೊಳೆದು ಜಾಲಿಸಿದರೆ ಒಡವೆಗೆ ಅರ ಹಾಕುವಾಗ ಉದುರಿದ ಚೂರುಪಾರು ಚಿನ್ನ ಸಿಗುತ್ತದೆ. ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅವರು ಹೊರಟಾಗಿರುತ್ತದೆ. ಪೇಟೆಯ ಜನಸಂಖ್ಯೆಯಲ್ಲಿ ಇವರಿದ್ದಾರೆಯೇ? ಇಲ್ಲಿ ವಾಸವಿಲ್ಲದಿದ್ದರೆ, ಇಲ್ಲ.

ಜನಗಣತಿ ಎಂದರೆ ಒಲೆಯ ಲೆಕ್ಕ. ಒಟ್ಟಿಗೆ ಇದ್ದು ಒಂದೇ ಅಡುಗೆ ಉಣ್ಣುವವರು ಒಂದು ಕುಟುಂಬ. 2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ಮನೆಮನೆಗೆ ಹೋದ ಗಣತಿದಾರರು, 28ರ ರಾತ್ರಿ ಬೀದಿಗಿಳಿದು ಸೂರಿಲ್ಲದವರನ್ನು ಎಣಿಸಿದರು. ಹಾಗಾಗಿ ತರಗುಪೇಟೆಯ ಅಂಗಡಿ ಜಗಲಿಯೇ ಮನೆಯಾದ ಹಮಾಲಿ ಪೇಟೆಯವನಾಗುತ್ತಾನೆ. ಅವನ ಜೊತೆಗೇ ಮೂಟೆ ಹೊತ್ತು ಸಂಜೆ ಬಸ್ಸು ಹಿಡಿಯುವವನು ಬೇರೆ ವಾರ್ಡಿನವನಾಗುತ್ತಾನೆ.

ನಗರ್ತಪೇಟೆಯ ಕಿರಿದಾದ ಮೆಟ್ಟಿಲು ಹತ್ತಿ ನೋಡಿ. ಕೆಳಗೆ ಅಂಗಡಿ, ಮೇಲೆ ಒಂದೇ ಕೋಣೆ. ಬಂಗಾಳದಿಂದ ಬಂದ ಅಕ್ಕಸಾಲಿ ಹುಡುಗರು ಹಗಲೆಲ್ಲ ಅಲ್ಲೇ ಬೆಸುಗೆ ಹಾಕುತ್ತಾರೆ, ರಾತ್ರಿ ಅಲ್ಲೇ ಚಾಪೆ ಬಿಡಿಸುತ್ತಾರೆ. ಮೂಲೆಯಲ್ಲೊಂದು ಗ್ಯಾಸ್ ಒಲೆ, ಎಲ್ಲರಿಗೂ ಒಂದೇ ಪಾತ್ರೆಯ ಅನ್ನ. ನೆಂಟರಲ್ಲದವರೂ ಹೀಗೆ ಒಟ್ಟಿಗೆ ಇದ್ದು ಉಂಡರೆ ಗಣತಿಯಲ್ಲಿ ಅದೂ ಒಂದು ಕುಟುಂಬವೇ. ಇಂಥ ಕೋಣೆಗಳು ಹೆಚ್ಚಿದ ಕಡೆ ಸಾವಿರ ಗಂಡಸರಿಗೆ ಇಷ್ಟು ಹೆಂಗಸರು ಎಂಬ ಅಂಕಿ ಕುಸಿಯುತ್ತದೆ. ಅದನ್ನು ಕಂಡು ಇಲ್ಲಿ ಹೆಣ್ಣುಮಕ್ಕಳು ಹುಟ್ಟುತ್ತಿಲ್ಲ ಎಂದುಕೊಳ್ಳಬೇಡಿ. ಆರು ವರ್ಷದೊಳಗಿನ ಮಕ್ಕಳ ಅನುಪಾತ ಪ್ರತ್ಯೇಕವಾಗಿ ಸಿಗುತ್ತದೆ. ಮೊದಲು ಅದನ್ನು ನೋಡಿ.

ಜನಸಾಂದ್ರತೆಯ ಅಂಕಿಯೂ ಹಾಗೆಯೇ ದಾರಿ ತಪ್ಪಿಸುತ್ತದೆ. 2011ರಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 4,381 ಜನ. ಆ ಸರಾಸರಿಯಲ್ಲಿ ಆನೇಕಲ್ಲಿನ ಹೊಲಗಳೂ ಸೇರಿವೆ. ಪೇಟೆಯ ಇಕ್ಕಟ್ಟು ತಿಳಿಯಬೇಕಾದರೆ ಒಂದು ಕುಟುಂಬಕ್ಕೆ ಎಷ್ಟು ಕೋಣೆ ಎಂಬ ಅಂಕಿಯೇ ಮೇಲು. ಮನೆಪಟ್ಟಿಯ ಗಣತಿಯಲ್ಲಿ ಅದನ್ನೂ ಕೇಳುತ್ತಾರೆ.

ಇನ್ನು ದುಡಿಮೆ. ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ಕಾರ್ಮಿಕರು, ಕಡಿಮೆಯಾದರೆ ಅಲ್ಪಾವಧಿಯವರು. ಕಬ್ಬನ್‌ಪೇಟೆಯಲ್ಲಿ ಮನೆಯವರೇ ಸೇರಿ ಮನೆಯೊಳಗೆ ಮಗ್ಗ ನಡೆಸಿದರೆ ಅದು ಗೃಹ ಕೈಗಾರಿಕೆ. ಲಾಳಿ ಸುತ್ತಿಕೊಡುವ ಹೆಂಡತಿಯನ್ನು ‘ಮನೆಗೆಲಸ’ ಎಂದು ಬರೆಸಿಬಿಟ್ಟರೆ ಅವಳ ದುಡಿಮೆ ಅಲ್ಲಿಗೇ ಅಳಿಸಿಹೋಗುತ್ತದೆ. ಗಣತಿಯಲ್ಲಿ ನನಗೆ ಅತ್ಯಂತ ಸಂಕಟ ಕೊಡುವ ತಪ್ಪು ಇದೇ.

ಅಂಗಡಿ, ಕಾರ್ಖಾನೆ, ಗೋದಾಮುಗಳ ಲೆಕ್ಕಕ್ಕೆ ಬೇರೆಯೇ ಪುಸ್ತಕವಿದೆ: ಆರ್ಥಿಕ ಗಣತಿ. 1977ರಲ್ಲಿ ಶುರುವಾದದ್ದು, ಆರನೆಯದು 2013ರಲ್ಲಿ ನಡೆಯಿತು. ಬೆಳೆ ಬೆಳೆಯುವ ಕೆಲಸ ಬಿಟ್ಟು ಬಹುತೇಕ ಎಲ್ಲ ಉದ್ಯಮಗಳೂ ಇದರೊಳಗೆ ಬರುತ್ತವೆ. ಸಂಬಳದ ಆಳಿಲ್ಲದವು ಒಂದು ಕಡೆ, ಒಬ್ಬರಾದರೂ ಆಳಿರುವವು ಇನ್ನೊಂದು ಕಡೆ. ಪೇಟೆಯ ಚಿತ್ರ ಪೂರ್ತಿಯಾಗಬೇಕಾದರೆ ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ನಿವಾಸಿಗಳು ಕಡಿಮೆಯಾಗುತ್ತಿರುವ ಬೀದಿಯೊಂದು ಬಡವಾಗುತ್ತಿರಬಹುದು. ಮನೆಗಳೆಲ್ಲ ಗೋದಾಮಾಗಿ ವ್ಯಾಪಾರ ಉಕ್ಕುತ್ತಿರಲೂಬಹುದು.

ಎರಡೂ ಪುಸ್ತಕದಲ್ಲಿ ಪೇಟೆಯ ಲೆಕ್ಕಕ್ಕೆ ಸಿಗದವರಿದ್ದಾರೆ. ಕಟ್ಟಡವಿಲ್ಲದೆ ಬೀದಿಯಲ್ಲಿ ವ್ಯಾಪಾರ ಮಾಡುವವರನ್ನು ಆರ್ಥಿಕ ಗಣತಿಯಲ್ಲಿ ಅವರ ಮನೆಯಲ್ಲೇ ಬರೆದುಕೊಳ್ಳುತ್ತಾರೆ. ಸಿಟಿ ಮಾರ್ಕೆಟ್ಟಿನ ಹೊರಗೆ ನಸುಕಿನಲ್ಲೇ ಸೇವಂತಿಗೆ ರಾಶಿಯ ಹಿಂದೆ ಕೂತು, ಮೊಳ ಅಳೆದು ಕೊಡುವ ಅಮ್ಮನ ಮನೆ ದೂರದ ಹಳ್ಳಿಯಲ್ಲಿದ್ದರೆ ಅವಳ ಹೆಸರೂ ವ್ಯಾಪಾರವೂ ಆ ಹಳ್ಳಿಯ ಪುಟದಲ್ಲಿ. ಮಧ್ಯಾಹ್ನದವರೆಗೆ ಅವಳಿಗೆ ನೀರು ಬೇಕಾಗುವುದು, ಶೌಚಾಲಯ ಬೇಕಾಗುವುದು ಮಾತ್ರ ಈ ವಾರ್ಡಿನಲ್ಲಿ.